ಕಾಲೇಜಿನ ಸ್ಲೈಡು, ಪೇಟೆಯ ಲ್ಯಾಬು

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಸುದ್ದಿ ತಲುಪಿದ್ದೇ ತಡ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ತಂಡ ಮಲೆನಾಡಿಗೆ ಧಾವಿಸಿತು. ಅವರ ಮೊದಲ ಗುಮಾನಿ ಹಳದಿ ಜ್ವರದ ಮೇಲಿತ್ತು. ಸತ್ತ ಮಂಗಗಳನ್ನು ಕೊಯ್ದು ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದನ್ನು ಹರಡುವುದು ಕಾಡಿನ ಉಣುಗು. ಈ ಮಂಗನ ಕಾಯಿಲೆಯಿಂದ ತೀರಿಕೊಂಡ ಮೂವರ ಅಂಗಾಂಶಗಳಲ್ಲಿ ಕಂಡದ್ದು 1959ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಾಗರದಲ್ಲಿ ಪುಣೆಯ ಕೇಂದ್ರದ ಶಾಖೆಯೊಂದು ತೆರೆಯಿತು. ಕೊಲಂಬಿಯಾದ ಹೋರ್ಹೆ ಬೊಶೆಲ್ 1960ರ ದಶಕದಲ್ಲಿ ಅಲ್ಲಿಂದಲೇ ಕಾಡು ಸುತ್ತಿ ಉಣುಗುಗಳ ಅಧ್ಯಯನ ಮಾಡಿದರು.

ಅಂದರೆ ಈ ಭಾಗಕ್ಕೆ ದೊಡ್ಡ ಮಟ್ಟದ ಪೆಥಾಲಜಿ ಬಂದದ್ದು ಸಂಸ್ಥೆಗಳ ಬೆನ್ನೇರಿ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ಕೀಲುರೋಗದ ವಿಷಯದಲ್ಲೂ ಹಾಗೇ ಆಯಿತು. ತಜ್ಞರು ಹೊರಗಿನಿಂದ ಬಂದರು. ಕಾಯಿಲೆ ಇಲ್ಲಿಯದು, ಪ್ರಬಂಧ ಅಲ್ಲಿಯದು. ಅಂಥ ವೃತ್ತಿಜೀವನ ಬೇಕೆಂದ ಸ್ಥಳೀಯ ವೈದ್ಯ ಊರು ಬಿಡಲೇಬೇಕಿತ್ತು.

ಹೋಗುವುದಾದರೂ ಎಲ್ಲಿಗೆ? 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋದ ಸರ್ಕಾರಿ ವೈದ್ಯಕೀಯ ಕಾಲೇಜು ಒಂದು. 1953ರಲ್ಲಿ ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಖಾಸಗಿ ಕಾಲೇಜು ತೆರೆದ ಮೇಲೆ ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ, ಹೊಸನಗರದವರಿಗೆ ಹುಲಿಕಲ್ ಘಾಟಿ ಇಳಿದರೆ ಇನ್ನೊಂದು ದಾರಿ ಕಂಡಿತು. ಶಿವಮೊಗ್ಗಕ್ಕೇ ಸರ್ಕಾರಿ ವೈದ್ಯಕೀಯ ಕಾಲೇಜು ಬರಲು ಹೊಸ ಶತಮಾನ ಬರಬೇಕಾಯಿತು. ಮೆಗ್ಗಾನ್ ಆಸ್ಪತ್ರೆಗೆ ಹೊಂದಿಕೊಂಡು ಸಿಮ್ಸ್ ತಲೆಯೆತ್ತಿತು, ಬಳಿಕ ಪುರಲೆಯಲ್ಲಿ ಖಾಸಗಿ ಸುಬ್ಬಯ್ಯ ಕಾಲೇಜೂ ಬಂತು.

ಈ ನಡುವೆ ತಾಲ್ಲೂಕು ಪೇಟೆಗಳಲ್ಲಿ ಲ್ಯಾಬುಗಳು ಬೇರೆಯದೇ ರೀತಿಯಲ್ಲಿ ಬೆಳೆದವು. ಡಿಪ್ಲೊಮಾ ಮುಗಿಸಿದ ತಂತ್ರಜ್ಞರು ಆಸ್ಪತ್ರೆಯ ಪಕ್ಕದಲ್ಲೋ ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲೋ ಒಂದು ಮೈಕ್ರೋಸ್ಕೋಪು, ಒಂದು ಸೆಂಟ್ರಿಫ್ಯೂಜು ಇಟ್ಟುಕೊಂಡು ಕೂತರು. ಇಲ್ಲಿಯ ಆದಾಯ ಬರುವುದು ಶುಗರು, ಥೈರಾಯ್ಡು, ರಕ್ತದ ಪೂರ್ಣ ಎಣಿಕೆಗಳಿಂದ. ಯಂತ್ರ ನಿಮಿಷಗಳಲ್ಲಿ ಅಂಕಿ ಕೊಡುತ್ತದೆ, ಸಂಜೆಯೊಳಗೆ ವರದಿ ಸಿದ್ಧ.

ಅಂಗಾಂಶದ ಕಥೆ ಹಾಗಲ್ಲ. ಎಲೆಅಡಿಕೆ ಹಾಕುವವರೊಬ್ಬರ ಕೆನ್ನೆಯೊಳಗೆ ಆರದ ಹುಣ್ಣಿದೆ ಎನ್ನಿ. ವೈದ್ಯರು ಕಡಲೆ ಗಾತ್ರದ ಚೂರು ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕುತ್ತಾರೆ. ಬಾಟಲಿ ಊರು ಬಿಡುತ್ತದೆ. ಚೂರು ಗಟ್ಟಿಯಾಗಲು ಹಲವು ಗಂಟೆ ಬೇಕು. ನಂತರ ಆಲ್ಕೋಹಾಲು, ಕ್ಸೈಲೀನು, ಮೇಣದ ಅಚ್ಚು. ಮೈಕ್ರೋಟೋಮಿನಲ್ಲಿ ಮೂರು-ನಾಲ್ಕು ಮೈಕ್ರಾನಿನಷ್ಟು ತೆಳುವಾಗಿ ಕತ್ತರಿಸಿ, ಬಿಸಿನೀರಿನ ಮೇಲೆ ತೇಲಿಸಿ, ಗಾಜಿಗೆ ಹತ್ತಿಸಿ, ನೀಲಿ-ಗುಲಾಬಿ ಬಣ್ಣ ಹಾಕಿದ ಮೇಲೆ ಪೆಥಾಲಜಿಸ್ಟ್ ಕೂರುವುದು. ಇಷ್ಟಕ್ಕೆ ಸಿಗುವ ಹಣದಲ್ಲಿ ಸಣ್ಣ ಊರಿನ ಲ್ಯಾಬು ನಡೆಯುವುದಿಲ್ಲ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಘೋಷಿಸಿದೆ. ಅಡಿಕೆ ಬೆಳೆಯುವ ನಾಡಿನ ಬಯಾಪ್ಸಿ ಮಾತ್ರ ಇನ್ನೂ ಬಸ್ಸಿನಲ್ಲೋ ಕೊರಿಯರಿನಲ್ಲೋ ಪ್ರಯಾಣ ಮಾಡುತ್ತಿದೆ. ಅಂಗಾಂಶ ನೋಡುವ ಹುಚ್ಚಿರುವ ಎಂ.ಡಿ. ಪದವೀಧರರು ಕಾಲೇಜು ಸೇರುವುದಕ್ಕೆ ಇದೇ ಮುಖ್ಯ ಕಾರಣ. ಅಪರೂಪದ ಕೇಸುಗಳು, ಸಂಶಯ ಬಂದಾಗ ಸ್ಲೈಡು ನೋಡಿ ವಾದ ಮಾಡಲು ಸಹೋದ್ಯೋಗಿಗಳು, ಎಂಬಿಬಿಎಸ್ ಹುಡುಗರ ತರಗತಿ ಎಲ್ಲವೂ ಅಲ್ಲಿವೆ. ಬಡ್ತಿಗಾಗಿ ಬರೆಯಬೇಕಾದ ಪ್ರಬಂಧಗಳ ಕಾಟವೂ ಅಲ್ಲಿಯದೇ.

ಖಾಸಗಿ ಹಾದಿಗೆ 2017ರ ಡಿಸೆಂಬರ್‌ನಲ್ಲಿ ಒಂದು ತಿರುವು ಬಂತು. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ, ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲೆ ಪೆಥಾಲಜಿಸ್ಟರ ಬೆಲೆ ಏರಿತು. ಆದರೆ ದೂರದಲ್ಲಿ ಕೂತು ಹಾಕಿದ ಸಹಿಯಿಂದ ತಾಲ್ಲೂಕಿಗೆ ಒಬ್ಬ ತಜ್ಞ ಬಂದಂತಾಗುವುದಿಲ್ಲ. ಪಟ್ಟಣದ ದೊಡ್ಡ ಲ್ಯಾಬುಗಳು ರಕ್ತ ಸಂಗ್ರಹ ಕೇಂದ್ರ ತೆರೆದ ಮೇಲಂತೂ ಇಲ್ಲಿ ಸ್ವಂತ ಬಂಡವಾಳ ಹೂಡುವುದು ಧೈರ್ಯದ ಕೆಲಸ.

ಹಾಗಂತ ಪೇಟೆಯ ಲ್ಯಾಬನ್ನು ಹಗುರವಾಗಿ ನೋಡುವಂತಿಲ್ಲ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಮತ್ತೆ ಹಬ್ಬಿ ಹಲವರು ಸತ್ತರು. ವೈರಸ್ ಇದೆಯೋ ಇಲ್ಲವೋ ಎಂದು ಖಚಿತಪಡಿಸಲು ವಿಶೇಷ ಪ್ರಯೋಗಾಲಯವೇ ಬೇಕು, ಅದು ಶಿವಮೊಗ್ಗದಲ್ಲಿದೆ. ಆದರೆ ಈ ಕಾಯಿಲೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್ಲೆಟ್ ಎರಡೂ ಇಳಿಯುತ್ತವೆ, ಆ ಸುಳಿವು ಸಾಧಾರಣ ರಕ್ತಪರೀಕ್ಷೆಯಲ್ಲೇ ಸಿಗುತ್ತದೆ. ಪ್ಲೇಟ್ಲೆಟ್‌ಗಳು ಅಂಟಿಕೊಂಡು ಗುಂಪಾದರೆ ಯಂತ್ರ ಕಡಿಮೆ ಎಣಿಸುತ್ತದೆ. ಸ್ಲೈಡಿನ ಮೇಲೆ ರಕ್ತ ಸವರಿ ಕಣ್ಣಿಟ್ಟು ನೋಡಿದವರಿಗಷ್ಟೇ ಅದು ನಿಜವಾದ ಇಳಿಕೆಯೋ ಯಂತ್ರದ ತಪ್ಪೋ ಎಂಬುದು ಗೊತ್ತಾಗುತ್ತದೆ.

ಕಾಲೇಜಿಗೂ ಹೊರಗಿನ ಸರ್ಕಾರಿ ಆಸ್ಪತ್ರೆಗೂ ನಡುವಿನ ಬೇಲಿ ಈಚೆಗೆ ಸ್ವಲ್ಪ ಸಡಿಲವಾಗಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2025ರ ನಿಯಮದಂತೆ, 220ಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದ ತಜ್ಞರ ಅನುಭವವನ್ನು ಬೋಧಕ ಹುದ್ದೆಗೆ ಪರಿಗಣಿಸಬಹುದು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ ನೂರು ಹಾಸಿಗೆಯವು. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಉಳಿದು ಕೆಲಸ ಮಾಡಲು ಒಪ್ಪುವ ಪೆಥಾಲಜಿಸ್ಟ್‌ಗೆ ಆ ಬಾಗಿಲು ಸದ್ಯಕ್ಕೆ ತೆರೆದಿಲ್ಲ.