ಕೌದಿಯೊಳಗಿನ ಚರಿತ್ರೆ

ಚರಿತ್ರೆಯೆಂದೊಡನೆ ನಮಗೆ ರಾಯದುರ್ಗದ ಬೆಟ್ಟದ ಕೋಟೆ ನೆನಪಾಗುತ್ತದೆ. ಆದರೆ ಓಬಳಾಪುರದಂತಹ ಹಳ್ಳಿಗಳ ಜನರು ಬಾಳಿದ ಬಗೆಯನ್ನು ಅರಿಯಬೇಕಾದರೆ, ಮನೆಯ ಮೂಲೆಯಲ್ಲಿ ಮಡಿಸಿಟ್ಟ ಕೌದಿಯನ್ನೂ ನಾವು ಬಿಚ್ಚಿ ನೋಡಬೇಕು.

ಈ ಸೀಮೆಯು ಮಳೆಯ ಅಭಾವಕ್ಕೆ ಹೆಸರಾದುದು. 1876-78ರ ಮಹಾಕ್ಷಾಮವು ಅಂದಿನ ಬಳ್ಳಾರಿ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. ರಾಯದುರ್ಗವೂ ಆಗ ಅದೇ ಜಿಲ್ಲೆಯಲ್ಲಿತ್ತು. ಬೆಳೆ ಕೈಕೊಟ್ಟ ವರ್ಷ ಹೊಸ ಬಟ್ಟೆಯ ಮಾತೆಲ್ಲಿ? ಇದ್ದುದನ್ನೇ ಬಾಳಿಸಬೇಕಾಗಿತ್ತು.

ಸವೆದ ಸೀರೆ, ಹರಿದ ಪಂಚೆಗಳನ್ನು ಒಗೆದು, ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೆ ಸಾಲಾಗಿ ದಾರವೋಡಿಸಿದರೆ ಕೌದಿಯಾಯಿತು. ಅದು ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಜೀರ್ಣವಾದ ಮೇಲೆ ಹೊಸ ಕೌದಿಗೆ ಒಳಪದರ. ಉಳಿದ ಸಾಮಾನುಗಳಿಗೂ ಇದೇ ನ್ಯಾಯ. ತೆಂಗಿನ ಚಿಪ್ಪಿಗೆ ಹಿಡಿಕೆ ಸೇರಿಸಿದರೆ ಸವುಟು. ಸೀಮೆಎಣ್ಣೆಯ ಖಾಲಿ ಡಬ್ಬಕ್ಕೆ ಅಡ್ಡಪಟ್ಟಿ ಬಡಿದರೆ ನೀರು ಹೊರುವ ಪಾತ್ರೆ. ಸೋರುವ ಮಡಕೆಯನ್ನು ಸಸಿಯ ಬಳಿ ಹೂಳಿ ನೀರು ತುಂಬಿದರೆ ಬೇರಿಗೆ ಮೆಲ್ಲಗೆ ತೇವ ಇಳಿಯುತ್ತದೆ. ಅಕ್ಕಿ ತೊಳೆದ ನೀರು ಹಿತ್ತಲ ಗಿಡಗಳಿಗೆ.

1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ಕೌದಿಯ ಸೂಜಿ ನಿಲ್ಲಲಿಲ್ಲ. ಹೊಲಿಯುವಾಗಿನ ಮಾತೂ ಕನ್ನಡವಾಗಿಯೇ ಉಳಿಯಿತು. ಇಂದು ಅಂಗಡಿಯ ಹೊದಿಕೆ ಸುಲಭವಾಗಿ ದೊರೆಯುತ್ತದೆ. ಕೌದಿ ಹೊಲಿಯಬಲ್ಲ ಅಜ್ಜಿಯರು ವಿರಳರಾಗುತ್ತಿದ್ದಾರೆ.

ಆದುದರಿಂದ ವಿದ್ಯಾರ್ಥಿಗಳು ಅವರ ಬಳಿ ಕುಳಿತು, ಯಾವ ತುಂಡು ಯಾರ ಸೀರೆಯದು, ಅದನ್ನು ಉಟ್ಟವರು ಯಾವ ಬರಗಾಲವನ್ನು ಕಂಡರು ಎಂಬುದನ್ನು ಕೇಳಿ ಬರೆದುಕೊಳ್ಳಲಿ. ಹೇಳುವವರು ಇಲ್ಲವಾದ ಮೇಲೆ ಕೌದಿಯು ನಮಗೆ ಬರಿಯ ಹಳೆಯ ಬಟ್ಟೆ.