ಮೌನ ಮುರಿದ ಊರು

ಸಮುವೇಲನ ಎರಡನೆಯ ಗ್ರಂಥದ 13ನೇ ಅಧ್ಯಾಯವನ್ನು ನಮ್ಮ ದೇವಾಲಯಗಳಲ್ಲಿ ಓದಿ ಕೇಳಿಸುವುದು ಅಪರೂಪ. ದಾವೀದ ಅರಸನ ಮಗಳಾದ ತಾಮಾರಳ ಮೇಲೆ ಆಕೆಯ ಮಲಸಹೋದರ ಅಮ್ನೋನನು ಬಲಾತ್ಕಾರವೆಸಗುತ್ತಾನೆ. ಆಕೆ ತಲೆಯ ಮೇಲೆ ಬೂದಿ ಸುರಿದುಕೊಂಡು, ತೊಟ್ಟ ನಿಲುವಂಗಿಯನ್ನು ಹರಿದುಕೊಂಡು, ಗೋಳಾಡುತ್ತಾ ಹೊರಟುಹೋಗುತ್ತಾಳೆ. ಅವನೂ ನಿನ್ನ ಅಣ್ಣನೇ ಅಲ್ಲವೇ, ಸುಮ್ಮನಿರು ಎಂದು ಒಡಹುಟ್ಟಿದ ಅಬ್ಷಾಲೋಮನು ಆಕೆಯ ಬಾಯಿ ಮುಚ್ಚಿಸುತ್ತಾನೆ. ಸುದ್ದಿ ಕೇಳಿ ಅರಸನು ಕಡುಕೋಪಗೊಂಡರೂ ಮಗನನ್ನು ವಿಚಾರಿಸುವುದಿಲ್ಲ. ಎರಡು ವರ್ಷಗಳ ನಂತರ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸುತ್ತಾನೆ. ಮೊದಲು ಮೌನ, ಆಮೇಲೆ ಸೇಡು. ತಾಮಾರಳಿಗೆ ಬೇಕಾದುದೇನೆಂದು ಈ ನಡುವೆ ಯಾರೂ ಕೇಳಲಿಲ್ಲ.

ಮೌನವೂ ಅಲ್ಲದ, ಸೇಡೂ ಅಲ್ಲದ ಮೂರನೆಯ ಹಾದಿಯೊಂದು ಉಂಟೇ? ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಊರುಗಳಲ್ಲಿ ಕೆನಡಾ ದೇಶದ ಹಾಲೋ ವಾಟರ್ ಒಂದು. ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ಸರೋವರದ ಪೂರ್ವ ದಡದಲ್ಲಿರುವ ಇದು ಒಜಿಬ್ವೆ ಮೂಲನಿವಾಸಿಗಳ ಊರು. ‘ಪುನಃಸ್ಥಾಪನಾ ನ್ಯಾಯ’ ಎಂಬ ವಿಚಾರವನ್ನು ಚರ್ಚಿಸುವವರು ಇಂದಿಗೂ ಈ ಊರನ್ನು ನೆನೆಯುತ್ತಾರೆ. ಅಪರಾಧಕ್ಕೆ ಎಷ್ಟು ಶಿಕ್ಷೆ ಎಂಬ ಪ್ರಶ್ನೆಗಿಂತ ಮೊದಲು, ಯಾರಿಗೆ ನೋವಾಗಿದೆ, ಅದನ್ನು ತುಂಬಿಕೊಡುವ ಹೊಣೆ ಯಾರದು ಎಂದು ಕೇಳುವ ನ್ಯಾಯ ಅದು.

ಆ ಊರಿನ ಗಾಯಕ್ಕೆ ಒಂದು ಹಿನ್ನೆಲೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1990ರ ದಶಕದವರೆಗೆ ಕೆನಡಾ ಸರಕಾರವು ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವಸತಿಶಾಲೆಗಳಿಗೆ ಸೇರಿಸಿತು. ಸುಮಾರು 1,50,000 ಮಕ್ಕಳು ಈ ಶಾಲೆಗಳಲ್ಲಿ ಬೆಳೆದರು. ಇವುಗಳಲ್ಲಿ ಬಹುಪಾಲನ್ನು ನಡೆಸಿದವರು ಕ್ರೈಸ್ತ ಸಂಸ್ಥೆಗಳು; ಹೆಚ್ಚಿನವು ಕಥೋಲಿಕರ ಕೈಯಲ್ಲಿದ್ದವು. 1990ರಲ್ಲಿ ಮ್ಯಾನಿಟೋಬಾದ ಮೂಲನಿವಾಸಿ ನಾಯಕ ಫಿಲ್ ಫಾಂಟೇನ್ ಅವರು, ಫೋರ್ಟ್ ಅಲೆಕ್ಸಾಂಡರ್ ಶಾಲೆಯಲ್ಲಿ ಬಾಲಕನಾಗಿದ್ದಾಗ ತಾವು ಅನುಭವಿಸಿದ ಲೈಂಗಿಕ ದೌರ್ಜನ್ಯವನ್ನು ಬಹಿರಂಗವಾಗಿ ನುಡಿದಾಗ ದೇಶವೇ ಬೆಚ್ಚಿತು. ಭಾಷೆ, ಕುಟುಂಬ, ಸಂಸ್ಕಾರಗಳನ್ನು ಕಳೆದುಕೊಂಡ ತಲೆಮಾರುಗಳ ನೋವು ಕುಡಿತವಾಗಿ, ಹಿಂಸೆಯಾಗಿ ಮನೆಗಳೊಳಗೆ ಹರಿದಿತ್ತು.

ಹಾಲೋ ವಾಟರ್‌ನಲ್ಲಿ 1984ರ ಸುಮಾರಿಗೆ ಕೆಲವರು ಒಟ್ಟುಗೂಡಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಯುವಜನರ ಕುಡಿತ ಮತ್ತು ಆತ್ಮಹತ್ಯೆಗಳಿಗೆ ಪರಿಹಾರ ಹುಡುಕಹೊರಟ ಅವರಿಗೆ ಅದರ ಅಡಿಯಲ್ಲಿ ಹುದುಗಿದ್ದ ಸತ್ಯ ಕಂಡಿತು. ಊರಿನ ನಾಲ್ವರಲ್ಲಿ ಮೂವರು ಲೈಂಗಿಕ ದೌರ್ಜನ್ಯಕ್ಕೆ ತುತ್ತಾದವರು, ಮೂರರಲ್ಲೊಂದು ಭಾಗದಷ್ಟು ಜನ ಅದನ್ನು ಎಸಗಿದವರು ಎಂದು ಅವರೇ ಅಂದಾಜು ಮಾಡಿದರು. ಆ ತಂಡದವರಲ್ಲಿಯೂ ಹಲವರು ಬಾಧಿತರೇ ಆಗಿದ್ದರು. ಇತರರ ಗಾಯವನ್ನು ಮುಟ್ಟುವ ಮುನ್ನ ತಮ್ಮ ಗಾಯವನ್ನು ಅವರು ಬಾಯಿಬಿಟ್ಟು ಹೇಳಿಕೊಳ್ಳಬೇಕಾಯಿತು.

ಅವರು ರೂಪಿಸಿದ ಕ್ರಮದಲ್ಲಿ 13 ಹಂತಗಳಿದ್ದವು. ಮಗುವೋ ಮಹಿಳೆಯೋ ವಿಷಯ ತಿಳಿಸಿದೊಡನೆ ಮೊದಲ ಕೆಲಸ ಅವರ ಸುರಕ್ಷತೆ. ಅನಂತರವೇ ಆರೋಪಿಯ ಭೇಟಿ. ಪೊಲೀಸರಲ್ಲಿ ಪ್ರಕರಣ ದಾಖಲಾಗುತ್ತಿತ್ತು. ನ್ಯಾಯಾಲಯವನ್ನು ಯಾರೂ ಬದಿಗೊತ್ತಲಿಲ್ಲ. ಆರೋಪಿಯು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಿತ್ತು. ಬಳಿಕ ತನ್ನ ಕುಟುಂಬದ ಮುಂದೆ, ಕೊನೆಗೆ ಊರವರ ಮುಂದೆ, ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಬೇಕಿತ್ತು. ಇಡೀ ಪ್ರಕ್ರಿಯೆಗೆ ಸುಮಾರು ಐದು ವರ್ಷ ಹಿಡಿಯುತ್ತಿತ್ತು. ಸೆರೆಮನೆಯಲ್ಲಿ ಮೌನವಾಗಿ ದಿನ ಎಣಿಸುವುದು ಇದಕ್ಕಿಂತ ಸುಲಭವೆಂದು ಆ ತಂಡದವರು ಕಂಡುಕೊಂಡರು. ಸೆರೆವಾಸದ ಭಯವೇ ಕುಟುಂಬಗಳ ಬಾಯಿ ಕಟ್ಟುತ್ತದೆಂದು 1993ರಲ್ಲಿ ಅವರು ಲಿಖಿತವಾಗಿ ವಾದಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಹಾದಿಯಲ್ಲಿ ನಡೆದ 107 ಮಂದಿ ಅಪರಾಧಿಗಳಲ್ಲಿ ಮತ್ತೆ ತಪ್ಪೆಸಗಿದವರು ಇಬ್ಬರು.

ಈ ಅಂಕಿಯನ್ನು ಕಂಡು ನಾವು ಆತುರಪಡಬಾರದು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಬಂಧುಗಳು. ಅಪರಾಧಿಯು ಪ್ರಬಲ ಮನೆತನದವನಾದರೆ ಬಾಧಿತಳ ದನಿ ವೃತ್ತದೊಳಗೂ ಕುಗ್ಗಬಹುದೆಂದು ಕೆನಡಾದ ಮಹಿಳಾ ಸಂಘಟನೆಗಳು ಎಚ್ಚರಿಸಿವೆ. ಮಹಿಳಾಪರ ಸಂಘಟನೆಗಳ ಒತ್ತಾಯದ ಮೇರೆಗೆ ನೋವಾ ಸ್ಕೋಷಿಯಾ ಪ್ರಾಂತ್ಯವು 2000ದಲ್ಲಿ ಲೈಂಗಿಕ ಅಪರಾಧಗಳನ್ನು ಇಂಥ ಕ್ರಮದಿಂದ ಹೊರಗಿಟ್ಟಿತು.

ನಮ್ಮ ನಾಡಿನಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅತ್ಯಾಚಾರದ ಪ್ರಕರಣವನ್ನು ಊರ ಹಿರಿಯರು ‘ರಾಜಿ’ ಮಾಡಿಸಿ, ಹಣ ಕೊಡಿಸಿಯೋ ಅದೇ ಪುರುಷನೊಡನೆ ಮದುವೆ ಮಾಡಿಸಿಯೋ ಕೈತೊಳೆದುಕೊಳ್ಳುವ ಅನಿಷ್ಟವನ್ನು ನಾವು ಬಲ್ಲೆವು. ಇಂಥ ಪ್ರಕರಣಗಳಲ್ಲಿ ರಾಜಿಗಾಗಲಿ ಮಧ್ಯಸ್ಥಿಕೆಗಾಗಲಿ ಎಡೆಯೇ ಇಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಸ್ಪಷ್ಟಪಡಿಸಿತು. 2012ರ ಪೋಕ್ಸೊ ಕಾಯಿದೆಯಂತೆ, ಮಗುವಿನ ಮೇಲಿನ ದೌರ್ಜನ್ಯವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಹಾಲೋ ವಾಟರ್‌ನ ಹಾದಿಯು ರಾಜಿಗೆ ತದ್ವಿರುದ್ಧವಾದುದು. ರಾಜಿಯಲ್ಲಿ ಸತ್ಯ ಹೂತುಹೋಗುತ್ತದೆ, ಭಾರ ಹೆಣ್ಣಿನ ತಲೆಯ ಮೇಲೆ ಬೀಳುತ್ತದೆ. ಅಲ್ಲಿ ಸತ್ಯವನ್ನು ಊರೆಲ್ಲ ಕೇಳಬೇಕಿತ್ತು, ಭಾರವನ್ನು ತಪ್ಪಿತಸ್ಥನು ಹೊರಬೇಕಿತ್ತು.

ಧರ್ಮಸಭೆಯೂ ಈ ಪಾಠವನ್ನು ಬಹು ತಡವಾಗಿ ಕಲಿತಿದೆ. 2022ರ ಜುಲೈ 25ರಂದು ಜಗದ್ಗುರು ಫ್ರಾನ್ಸಿಸ್ ಅವರು ಕೆನಡಾದ ಮಾಸ್ಕ್ವಾಸಿಸ್‌ನಲ್ಲಿ ಮೂಲನಿವಾಸಿಗಳ ಮುಂದೆ ನಿಂತು, ವಸತಿಶಾಲೆಗಳಲ್ಲಿ ಅನೇಕ ಕ್ರೈಸ್ತರು ಎಸಗಿದ ಕೇಡಿಗಾಗಿ ಕ್ಷಮೆ ಬೇಡಿದರು. ಕ್ಷಮೆ ಬೇಡುವುದು ಮೊದಲ ಹೆಜ್ಜೆ ಮಾತ್ರ, ನಡೆದುದನ್ನು ಶೋಧಿಸುವ ಕೆಲಸ ಮುಂದಿದೆ ಎಂದೂ ಅವರು ಒಪ್ಪಿಕೊಂಡರು. ಆ ನೆಲದ ಹಿರಿಯರಲ್ಲಿ ಕೆಲವರಿಗೆ ಅದು ಸಾಂತ್ವನ ತಂದಿತು, ಕೆಲವರಿಗೆ ಸಾಲಲಿಲ್ಲ. ಸಾಲದೆನ್ನುವ ಹಕ್ಕು ಅವರಿಗುಂಟು.

ಕ್ರೈಸ್ತರಾದ ನಾವು ನೊಂದವರ ಬಳಿ ಹೋದಾಗ ‘ಕ್ಷಮಿಸಿಬಿಡು’ ಎಂಬ ಮಾತು ಬಹುಬೇಗ ನಮ್ಮ ನಾಲಗೆಗೆ ಬರುತ್ತದೆ. ಆದರೆ ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಇವೆಲ್ಲವೂ ಪಾಪ ಮಾಡಿದವನ ಕರ್ತವ್ಯಗಳು. ಜಕ್ಕಾಯನು ಯೇಸುವಿನ ಮುಂದೆ ಎದ್ದುನಿಂತು, ಮೋಸಹೋದವರಿಗೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ತನ್ನನ್ನು ಕ್ಷಮಿಸಿರೆಂದು ಅವರನ್ನು ಒತ್ತಾಯಿಸಲಿಲ್ಲ. ಕ್ಷಮೆಯು ನೊಂದವರು ತಮ್ಮ ಕಾಲಕ್ಕೆ ತಾವಾಗಿಯೇ ಕೊಡಬಹುದಾದ, ಕೊಡದೆಯೂ ಇರಬಹುದಾದ ದಾನ. ನಮ್ಮ ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ತಾಮಾರಳಂಥವಳೊಬ್ಬಳು ಬಾಯಿ ತೆರೆದಾಗ ಆಕೆಯನ್ನು ನಂಬುವುದು, ಕಾಪಾಡುವುದು, ಕಾನೂನಿನ ಬಾಗಿಲವರೆಗೂ ಜೊತೆಯಲ್ಲಿ ನಡೆಯುವುದು, ಬಳಿಕವೂ ಆಕೆಯ ಕೈ ಬಿಡದಿರುವುದು ನಮ್ಮ ಪಾಲಿನ ಕರ್ತವ್ಯ. ದಾವೀದನು ಮಗನ ಮೇಲೆ ಕೋಪಗೊಂಡನು, ಆದರೆ ಮಗಳ ಬಳಿಗೆ ಹೋದನೆಂದು ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಬರೆದಿಲ್ಲ.