ಚಿನ್ನದ ಗಣಿಯ ಆಳದಲ್ಲಿ ಕಣವಿಜ್ಞಾನ

ಕೋಲಾರ ಚಿನ್ನದ ಗಣಿಗಳ (ಕೆಜಿಎಫ್) ಚರಿತ್ರೆಯನ್ನು ಚಿನ್ನದ ತೂಕದಲ್ಲಿ ಅಳೆಯುವುದು ರೂಢಿಯಾಗಿದ್ದರೂ, ವಿಶ್ವವಿದ್ಯಾಲಯಗಳ ವಿಜ್ಞಾನ ನಿಕಾಯಗಳಲ್ಲಿ ಬೇರೆ ಬೇರೆ ವಿಭಾಗಗಳಾಗಿ ನಿಂತಿರುವ ಭೂವಿಜ್ಞಾನ, ಶಿಲಾಬಲವಿಜ್ಞಾನ ಮತ್ತು ಕಣಭೌತವಿಜ್ಞಾನಗಳು ಇಲ್ಲಿ ಒಂದೇ ಗಣಿಯನ್ನು ಆಶ್ರಯಿಸಿ ಬೆಳೆದವೆಂಬುದು ಆ ಚರಿತ್ರೆಯ ಅಷ್ಟೇ ಮುಖ್ಯವಾದ ಭಾಗ.

ಮೂರರಲ್ಲಿ ಹಿರಿಯದು ಭೂವಿಜ್ಞಾನ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿಕೊಂಡಿರುವ ಕೋಲಾರದ ಶಿಸ್ಟ್ ಪಟ್ಟಿಯು, ಅಂದರೆ ಶಾಖ ಮತ್ತು ಒತ್ತಡಗಳಿಗೆ ಸಿಲುಕಿ ರೂಪಾಂತರಗೊಂಡ ಪ್ರಾಚೀನ ಶಿಲೆಗಳ ಸಾಲು, ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯದಾಗಿದ್ದು, ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಸೇರಿಕೊಂಡಿದೆ. ಆ ಎಳೆಗಳನ್ನು ಹಿಂಬಾಲಿಸಿ ಇಳಿದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವನ್ನು ಮುಟ್ಟಿ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಅಷ್ಟು ಆಳದಲ್ಲಿ ಮೇಲಿನ ಭಾರವನ್ನು ತಾಳಲಾರದೆ ಬಂಡೆ ಸಿಡಿಯುವುದಕ್ಕೆ ಗಣಿಯವರು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಕಾರ್ಮಿಕರ ಪ್ರಾಣವನ್ನೇ ತೆಗೆದುಕೊಳ್ಳುತ್ತಿದ್ದ ಈ ಸಿಡಿತಗಳನ್ನು ಅರಿಯುವ ಅಗತ್ಯದಿಂದಲೇ ಇಲ್ಲಿ ಶಿಲಾಬಲವಿಜ್ಞಾನ ಬೇರೂರಿತು. 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆಗೆ ಕೆಜಿಎಫ್ ನೆಲೆಯಾದದ್ದು ಈ ಹಿನ್ನೆಲೆಯಲ್ಲಿ.

ಭೌತವಿಜ್ಞಾನಿಗಳನ್ನು ಇಲ್ಲಿಗೆ ಕರೆತಂದದ್ದು ಚಿನ್ನವಲ್ಲ, ಚಿನ್ನದ ಮೇಲಿದ್ದ ಬಂಡೆಯ ದಪ್ಪ. ಬಾಹ್ಯಾಕಾಶದಿಂದ ಬಂದು ಭೂಮಿಯ ವಾಯುಮಂಡಲಕ್ಕೆ ಬಡಿಯುವ ಅಧಿಕ ಶಕ್ತಿಯ ಕಣಗಳಿಗೆ ವಿಶ್ವಕಿರಣಗಳೆಂದು ಹೆಸರು. ಆ ಬಡಿತದಲ್ಲಿ ಹುಟ್ಟುವ ಕಣಗಳಲ್ಲಿ, ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರವಾದ ಮ್ಯೂಆನ್‌ಗಳು ಬಂಡೆಯನ್ನು ತೂರಿ ನೆಲದೊಳಕ್ಕೆ ಬಹುದೂರ ಇಳಿಯಬಲ್ಲವು. 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಕೆಜಿಎಫ್‌ಗೆ ಬಂದು, ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಲು ತೊಡಗಿದರು. ಮುಂದಿನ ದಶಕದ ಆರಂಭದಲ್ಲಿ ಸಂಶೋಧಕರು ಸುಮಾರು 2.7 ಕಿಲೋಮೀಟರ್ ಆಳಕ್ಕೆ ಉಪಕರಣಗಳನ್ನು ಇಳಿಸಿದಾಗ, ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ.

ಈ ಶೂನ್ಯವೇ ದೊಡ್ಡ ಫಲಿತಾಂಶವಾಯಿತು. ವಿದ್ಯುದಂಶವಿಲ್ಲದ, ಇಡೀ ಭೂಮಿಯನ್ನೇ ಹಾದುಹೋಗಬಲ್ಲ ನ್ಯೂಟ್ರಿನೊ ಎಂಬ ಕಣವು ಬಂಡೆಯ ಪರಮಾಣುವಿಗೆ ಅಪರೂಪಕ್ಕೊಮ್ಮೆ ತಾಗಿ ಹುಟ್ಟಿಸುವ ಮ್ಯೂಆನನ್ನು ಗುರುತಿಸಬೇಕಾದರೆ, ಮೇಲಿನಿಂದ ಇಳಿಯುವ ಮ್ಯೂಆನ್‌ಗಳ ಸದ್ದು ಅಡಗಿರಬೇಕು. ಅಂಥ ನಿಶ್ಶಬ್ದ ಜಾಗ ಕೋಲಾರದಲ್ಲಿ ದೊರೆತಿತ್ತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳು ಜೊತೆಗೂಡಿ, ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನಲ್ಲಿ 2.3 ಕಿಲೋಮೀಟರ್ ಆಳದಲ್ಲಿ, ಕಣ ಹಾದಾಗ ಮಿನುಗುವ ಸಿಂಟಿಲೇಟರ್ ಹಲಗೆಗಳನ್ನೂ ಅದರ ಹಾದಿಯನ್ನು ತೋರುವ ನಿಯಾನ್ ನಳಿಕೆಗಳನ್ನೂ ಸಜ್ಜುಗೊಳಿಸಿದವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಇಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡ ಇದನ್ನು ಮೊದಲೇ ದಾಖಲಿಸಿಕೊಂಡಿತ್ತಾದರೂ, ಕೋಲಾರದ ಪ್ರಬಂಧ ಆಗಸ್ಟ್ 15ರಂದು, ಆ ತಂಡದ ಪ್ರಬಂಧಕ್ಕಿಂತ ಎರಡು ವಾರ ಮುಂಚೆ ಪ್ರಕಟವಾಯಿತು.

ದ್ರವ್ಯದ ಘಟಕಕಣವಾದ ಪ್ರೋಟಾನ್ ಎಂದಾದರೊಮ್ಮೆ ಒಡೆಯುವುದೇ ಎಂಬ ಪ್ರಶ್ನೆಯನ್ನು ಹಿಡಿದು, ಕಬ್ಬಿಣದ ಫಲಕಗಳನ್ನೂ ಕಣಗಳನ್ನು ಎಣಿಸುವ ಸುಮಾರು 1600 ಕೊಳವೆಗಳನ್ನೂ ಪದರಪದರವಾಗಿ ಜೋಡಿಸಿದ 140 ಟನ್ ತೂಕದ ಉಪಕರಣವು 1980ರಲ್ಲಿ ಅದೇ ಆಳದಲ್ಲಿ ಕೆಲಸ ಆರಂಭಿಸಿತು. ಪ್ರೋಟಾನ್ ಒಡೆದಿರಬಹುದೆಂದು ತಂಡವು ಮುಂದಿಟ್ಟ ಕೆಲವು ಘಟನೆಗಳನ್ನು ಬೇರೆ ದೇಶಗಳ ದೊಡ್ಡ ಉಪಕರಣಗಳು ದೃಢಪಡಿಸಲಿಲ್ಲ. ಆದರೆ ಈ ಪ್ರಶ್ನೆಗಾಗಿ ಕಟ್ಟಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದೆಂಬ ಇದರ ಸ್ಥಾನಕ್ಕೆ ಅದರಿಂದ ಕುಂದು ಬರುವುದಿಲ್ಲ.

ಈ ಸಾಧನೆಯ ಹಿಂದೆ ಪ್ರಬಂಧಗಳಲ್ಲಿ ಹೆಸರು ಕಾಣದ ದುಡಿಮೆಯೊಂದಿದೆ. ಅತಿ ಆಳದಲ್ಲಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದ ಬಂಡೆಯ ಬಿಸಿಯಲ್ಲಿ ಸುರಂಗ ಕೊರೆದವರು, ವಿಜ್ಞಾನಿಗಳನ್ನೂ ಉಪಕರಣಗಳನ್ನೂ ಕೇಜಿನಲ್ಲಿ ಇಳಿಸಿ ಹತ್ತಿಸಿದವರು, ನೀರು ತುಂಬದಂತೆ ಹಗಲಿರುಳು ಪಂಪು ನಡೆಸಿದವರು ಇಲ್ಲದಿದ್ದರೆ ಆ ನಿಶ್ಶಬ್ದ ಯಾವ ಭೌತವಿಜ್ಞಾನಿಗೂ ಒದಗುತ್ತಿರಲಿಲ್ಲ. ಗಣಿಯ ಆಯುಸ್ಸೇ ಪ್ರಯೋಗಶಾಲೆಯ ಆಯುಸ್ಸೂ ಆಗಿತ್ತು: ಗಣಿಗಾರಿಕೆ ಕುಗ್ಗಿದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು, 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು.

ಕೋಲಾರ ಸೀಮೆಯ ಕಾಲೇಜುಗಳಲ್ಲಿ ಭೌತವಿಜ್ಞಾನ ಓದುವ ವಿದ್ಯಾರ್ಥಿಗೆ ನ್ಯೂಟ್ರಿನೊ ದೂರದೇಶದ ಪಾಠವಾಗಿ ಉಳಿಯಬಾರದು. ತನ್ನ ನೆಲದ ಅಡಿಯಲ್ಲೇ ಅದರ ಗುರುತು ಸಿಕ್ಕಿತೆಂಬುದನ್ನು ಆತನಿಗೆ ಕನ್ನಡದಲ್ಲಿ ತಿಳಿಸುವುದು ಇಲ್ಲಿನ ವಿಜ್ಞಾನ ವಿಭಾಗಗಳ ಹೊಣೆ. ಪಂಪುಗಳು ನಿಂತ ಮೇಲೆ ಶಾಫ್ಟುಗಳಲ್ಲಿ ನೀರು ಏರಿದೆ, ಆ ಪ್ರಯೋಗಗಳು ನಡೆದ ಜಾಗಗಳಿಗೆ ಇನ್ನು ಯಾರೂ ಇಳಿಯಲಾರರು.